1981ರ ಮೇನ್‌ಫ್ರೇಮಿಗೆ ಫೋನಿನಿಂದ ಹಾಲಿನ ಲೆಕ್ಕ: ಆರು ವಾರದ ಕೆಲಸದ ಟಿಪ್ಪಣಿ

ಆಫೀಸಿನಲ್ಲಿ ನನ್ನ ಕೆಲಸ ಮೇನ್‌ಫ್ರೇಮ್, ಅಂದರೆ ದೊಡ್ಡ ಕಂಪನಿಗಳ ಲೆಕ್ಕ ಓಡಿಸುವ ದೊಡ್ಡ ಕಂಪ್ಯೂಟರ್. ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿ ಕೂತು ಹೊರದೇಶದ ಇನ್ಶೂರೆನ್ಸ್ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಈಚೆಗೆ ಎಲ್ಲ ಮೀಟಿಂಗಿನಲ್ಲೂ ಒಂದೇ ಮಾತು: ಹಳೆಯ ಸಿಸ್ಟಮ್ ಹಾಗೇ ಇರಲಿ, ಅದರ ಮುಂದೆ ಎಪಿಐ (ಬೇರೆ ಪ್ರೋಗ್ರಾಮುಗಳು ಕರೆದು ಕೆಲಸ ಮಾಡಿಸಿಕೊಳ್ಳುವ ಬಾಗಿಲು) ಇಡೋಣ. ಚಿತ್ರ ಬರೆಯುವಾಗ ಎರಡು ಡಬ್ಬಿ, ನಡುವೆ ಒಂದು ಬಾಣ. ಆ ಬಾಣದೊಳಗೆ ಏನೇನಾಗುತ್ತದೆ ಅಂತ ನನ್ನ ಕೈಯಿಂದಲೇ ಒಂದು ಸಲ ಕಟ್ಟಿ ನೋಡಬೇಕು ಅನ್ನಿಸಿತು. ಆಫೀಸಿನ ಯಂತ್ರದ ಮೇಲೆ ಆಟ ಆಡಲು ಆಗಲ್ಲ. ಅದಕ್ಕೆ ಮನೆಯಲ್ಲೇ ಶುರು ಮಾಡಿದೆ.

ಲೆಕ್ಕ ಯಾವುದಿರಲಿ ಅಂತ ಯೋಚಿಸುತ್ತಿದ್ದಾಗ ಅಪ್ಪನ ಟ್ರಂಕಿನಲ್ಲಿದ್ದ ಹಳೇ ನೋಟ್‌ಬುಕ್ ನೆನಪಾಯಿತು. ಮಂಡ್ಯದ ಕಡೆ ನಮ್ಮೂರಿನ ಹಾಲಿನ ಡೇರಿಗೆ ಅಪ್ಪ ಬಹಳ ವರ್ಷ ಸೆಕ್ರೆಟರಿ. ಒಂದು ತಿಂಗಳ ಲೆಕ್ಕ ಅದರಲ್ಲಿ ಪೂರ್ತಿ ಇದೆ: ಸದಸ್ಯರ ನಂಬರ್, ಬೆಳಗ್ಗೆಯೋ ಸಂಜೆಯೋ, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಹಣ ಎಷ್ಟು. ಹೆಸರುಗಳನ್ನು ಬದಲಿಸಿ ಅದನ್ನೇ ತೆಗೆದುಕೊಂಡೆ.

ಮೊದಲ ವಾರ

ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಹರ್ಕ್ಯುಲಿಸ್ ಹಾಕಿದೆ. ಇದು ಐಬಿಎಂ ಮೇನ್‌ಫ್ರೇಮ್ ಯಂತ್ರವನ್ನೇ ಸಾಫ್ಟ್‌ವೇರಿನಲ್ಲಿ ಕಟ್ಟಿದ ಎಮ್ಯುಲೇಟರ್. ರೋಜರ್ ಬೌಲರ್ 1999ರಲ್ಲಿ ಶುರು ಮಾಡಿದ್ದು. ಅದರ ಮೇಲೆ ಎಂವಿಎಸ್ 3.8ಜೆ, 1981ರ ಹೊತ್ತಿನ ಆಪರೇಟಿಂಗ್ ಸಿಸ್ಟಮ್. ಹವ್ಯಾಸಿಗಳು ಎಲ್ಲವನ್ನೂ ಜೋಡಿಸಿ ಟಿಕೆ4- ಅಂತ ಸಿದ್ಧ ಮಾಡಿಟ್ಟಿದ್ದಾರೆ. ಇಳಿಸಿಕೊಂಡು ಬೂಟ್ ಮಾಡಿದರೆ ಹತ್ತು ನಿಮಿಷದಲ್ಲಿ ಲಾಗಿನ್ ಪರದೆ.

ನಾನು ದಿನಾ ನೋಡುವ ಐಎಂಎಸ್ (ಡೇಟಾಬೇಸ್ ಇಟ್ಟು ವಹಿವಾಟು ನಡೆಸುವ ಐಬಿಎಂ ಸಾಫ್ಟ್‌ವೇರ್) ಇಲ್ಲಿ ಸಿಗುವುದಿಲ್ಲ, ಅದಕ್ಕೆ ಲೈಸೆನ್ಸ್ ಬೇಕು. ಬೇಸರ ಆಯಿತು, ಯಾಕೆಂದರೆ ಐಎಂಎಸ್ ಮೇಲೆ ನನಗೆ ವಿಶೇಷ ಅಕ್ಕರೆ. ಅಪೊಲೊ ಯೋಜನೆಯ ಸ್ಯಾಟರ್ನ್ 5 ರಾಕೆಟ್ಟಿನ ಬಿಡಿಭಾಗಗಳ ಪಟ್ಟಿ ಇಡಲು ಅದನ್ನು ಕಟ್ಟಿದ್ದು. 1968ರ ಆಗಸ್ಟ್ 14ರಂದು ಕ್ಯಾಲಿಫೋರ್ನಿಯಾದ ಡೌನಿಯಲ್ಲಿ ಒಂದು ಟರ್ಮಿನಲ್ ಮೇಲೆ ಮೊದಲ 'ರೆಡಿ' ಸಂದೇಶ ಬಂತು. ಮುಂದಿನ ಜುಲೈನಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದ. ಆ ಐಎಂಎಸ್ ಇವತ್ತಿಗೂ ಓಡುತ್ತಿದೆ.

ಅದರ ಬದಲು ಕಿಕ್ಸ್ ಹಾಕಿಕೊಂಡೆ. ಪರದೆಯಿಂದ ಬರುವ ವಹಿವಾಟು ನಡೆಸುವ ಐಬಿಎಂನ ಸಿಐಸಿಎಸ್‌ಗೆ ಬರೆದ ಪ್ರೋಗ್ರಾಮುಗಳು ಹೆಚ್ಚು ಬದಲಾವಣೆ ಇಲ್ಲದೆ ಎಂವಿಎಸ್ 3.8ಜೆ ಮೇಲೆ ಓಡುವಂತೆ ಮಾಡುವ ಸಾಧನ ಅದು. ಲೆಕ್ಕ ಇಡಲು ವಿಸ್ಯಾಮ್ ಫೈಲ್ (ನಂಬರ್ ಕೊಟ್ಟರೆ ರೆಕಾರ್ಡ್ ಹುಡುಕಿಕೊಡುವ ಮೇನ್‌ಫ್ರೇಮ್ ಫೈಲ್), ಪ್ರೋಗ್ರಾಮ್ ಕೋಬಾಲ್ ಎಂಬ ಹಳೆಯ ಭಾಷೆಯಲ್ಲಿ. ಇಲ್ಲಿರುವ ಕಂಪೈಲರ್ ತುಂಬಾ ಹಳೆಯದು. 'ಇಫ್' ಎಂಬ ಷರತ್ತನ್ನು ಮುಗಿಸುವ ಎಂಡ್-ಇಫ್ ಇಲ್ಲ, ಹಲವು ಷರತ್ತು ಒಟ್ಟಿಗೆ ನೋಡುವ ಇವ್ಯಾಲ್ಯುಯೇಟ್ ಇಲ್ಲ. ಚುಕ್ಕಿ ಎಲ್ಲಿ ಬೀಳುತ್ತದೋ ಇಫ್ ಅಲ್ಲಿಗೆ ಮುಗಿಯುತ್ತದೆ. ಮೊದಲ ನಾಲ್ಕು ರಾತ್ರಿ ಚುಕ್ಕಿ ಹುಡುಕುವುದರಲ್ಲೇ ಹೋಯಿತು.

ಎರಡನೇ ವಾರ

ಹಾಲು ಅಳೆದಿದ್ದನ್ನು ನಮೂದಿಸುವ ಪರದೆ ಸಿದ್ಧವಾಯಿತು. 24 ಸಾಲು, 80 ಕಾಲಮ್, ಹಸಿರು ಅಕ್ಷರ. ಮುಂದೆ ಪೈಥಾನ್ ಭಾಷೆಯಲ್ಲಿ ಬರೆದ ಒಂದು ಪುಟ್ಟ ಸೇತುವೆ. ಫೋನಿನಿಂದ ಕರೆ ಬಂದರೆ ಅದು ಎಸ್3270 (ಮೇನ್‌ಫ್ರೇಮಿನ 3270 ಟರ್ಮಿನಲ್ ಹಾಗೆ ನಟಿಸುವ ಪ್ರೋಗ್ರಾಮ್) ಮೂಲಕ ಆ ಪರದೆಯಲ್ಲಿ ಟೈಪ್ ಮಾಡುತ್ತದೆ, ಎಂಟರ್ ಒತ್ತುತ್ತದೆ, ಬಂದ ಉತ್ತರವನ್ನು ಪರದೆಯಿಂದಲೇ ಓದಿ ವಾಪಸ್ ಕೊಡುತ್ತದೆ. ಇದು ಅಷ್ಟೇನೂ ಚೆಂದದ ದಾರಿ ಅಲ್ಲ. ಆದರೆ ಎಷ್ಟೋ ಕಂಪನಿಗಳು ಮೊದಲು ಹಿಡಿದದ್ದು ಇದೇ ದಾರಿ, ಹಾಗಾಗಿ ಇದರಿಂದಲೇ ಶುರು ಮಾಡಬೇಕು ಅನ್ನಿಸಿತು. ಎರಡು ಸಂಜೆಯ ಕೆಲಸ. ಫೋನಿನಿಂದ 6.5 ಲೀಟರ್ ಹಾಕಿದೆ, 1981ರ ಸಿಸ್ಟಮ್ಮಿನಲ್ಲಿ ಬಂದು ಕೂತಿತು. ಆ ರಾತ್ರಿ ನಿದ್ದೆ ಬೇಗ ಬರಲಿಲ್ಲ.

ಮೂರನೇ ವಾರ: ಸರಿ ಕಾಣುವ ತಪ್ಪು ಸಂಖ್ಯೆ

ಲೆಕ್ಕ ಬರೆಯುವುದು ಕೋಬಾಲ್ ಪ್ರೋಗ್ರಾಮಿನಿಂದಲೇ ಆಗಬೇಕು, ಇದು ನನ್ನ ಮೊದಲ ನಿಯಮ. ಫ್ಯಾಟ್ ಎಷ್ಟರಿಂದ ಎಷ್ಟರವರೆಗೆ ಇರಬಹುದು, ಮುಚ್ಚಿದ ಖಾತೆಗೆ ಬರೆಯಬಾರದು, ಇಂಥ ಎಲ್ಲ ತಪಾಸಣೆ ಇರುವುದು ಅಲ್ಲೇ. ಓದುವುದಕ್ಕೆ ಮಾತ್ರ ನಕಲು ಸಾಕು. ಪ್ರತಿ ರಾತ್ರಿ ವಿಸ್ಯಾಮ್ ಫೈಲನ್ನು ಟೇಪ್ ಫೈಲಿಗೆ ಇಳಿಸಿ, ಪೈಥಾನ್‌ನಿಂದ ಓದಿ, ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸಿಗೆ ಹಾಕುವುದು ಅಂತ ಯೋಜನೆ.

ಹೆಸರು, ನಂಬರ್ ಎಲ್ಲ ಚೆನ್ನಾಗಿ ಬಂತು. ಪರೀಕ್ಷೆಗೆ ಇಟ್ಟಿದ್ದ ಒಂದು ಖಾತೆಯಲ್ಲಿ ಬಾಕಿ 12,345.00 ಇರಬೇಕಿತ್ತು. ಬಂದದ್ದು 12,942.60.

ಎರರ್ ಇಲ್ಲ, ಎಚ್ಚರಿಕೆ ಇಲ್ಲ. ನೋಡಲು ಅಚ್ಚುಕಟ್ಟಾದ ಮೊತ್ತ. ನಾನು ಹಾಕಿದ ಸಂಖ್ಯೆ ನನಗೆ ನೆನಪಿದ್ದುದರಿಂದ ಸಿಕ್ಕಿತು ಅಷ್ಟೇ.

ಕಾರಣ ಹೇಳುತ್ತೇನೆ, ಇದನ್ನು ಬೈಟ್ ಬೈಟ್ ಆಗಿ ನೋಡಬೇಕು. ಬಾಕಿ ಮೊತ್ತದ ವಿವರಣೆ ಪಿಕ್ ಎಸ್9(7)ವಿ99 ಕಾಂಪ್-3. ಅಂದರೆ ಒಂಬತ್ತು ಅಂಕಿ, ಒಂದು ಚಿಹ್ನೆ, ಒಟ್ಟು ಐದು ಬೈಟ್. ಒಂದೊಂದು ಬೈಟಿನಲ್ಲಿ ಎರಡು ಅಂಕಿ, ಕೊನೆಯ ಅರ್ಧ ಬೈಟಿನಲ್ಲಿ ಚಿಹ್ನೆ. 'ಸಿ' ಇದ್ದರೆ ಜಮೆ, 'ಡಿ' ಇದ್ದರೆ ಋಣ. ದಶಮಾಂಶದ ಚುಕ್ಕಿ ಫೈಲಿನಲ್ಲಿ ಎಲ್ಲೂ ಇಲ್ಲ, ಅದು ಪ್ರೋಗ್ರಾಮಿನ ತಲೆಯಲ್ಲಿದೆ. ಹಾಗಾಗಿ 12,345.00 ಕೂತಿರುವುದು ಹೀಗೆ:

00 12 34 50 0ಸಿ

ಇಡೀ ರೆಕಾರ್ಡು ಎಬ್ಸಿಡಿಕ್‌ನಲ್ಲಿ (ಐಬಿಎಂ ಮೇನ್‌ಫ್ರೇಮ್ ಅಕ್ಷರಗಳಿಗೆ ಬಳಸುವ ಸಂಕೇತ) ಇದೆ ಅಂತ ನಾನು ಅದನ್ನು ಅದರ ಸಿಪಿ037 ಕೋಷ್ಟಕದಿಂದ ಮಾಮೂಲಿ ಕಂಪ್ಯೂಟರಿನ ಲ್ಯಾಟಿನ್-1ಕ್ಕೆ ಒಟ್ಟಿಗೇ ಬದಲಿಸಿದ್ದೆ. ಅಕ್ಷರಗಳಿಗೆ ಅದು ಸರಿ. ಆದರೆ ಈ ಐದು ಬೈಟ್ ಅಕ್ಷರ ಅಲ್ಲವಲ್ಲ. ಬದಲಿಸುವ ಕೋಷ್ಟಕಕ್ಕೆ ಅದು ಗೊತ್ತಿಲ್ಲ. 34 ಬಂದಾಗ 94 ಮಾಡಿತು. 50 ಅಂದರೆ ಎಬ್ಸಿಡಿಕ್‌ನಲ್ಲಿ '&' ಗುರುತು, ಅದನ್ನು 26 ಮಾಡಿತು. 00, 12, 0ಸಿ ಇದ್ದ ಹಾಗೇ ಉಳಿದವು:

00 12 94 26 0ಸಿ

ಓದಿ ನೋಡಿ. 12,942.60. ಎಲ್ಲವೂ ಅಂಕಿಗಳೇ, ಚಿಹ್ನೆಯೂ ಸರಿ. ಯಾವ ತಪಾಸಣೆಯೂ ಇದನ್ನು ಹಿಡಿಯಲ್ಲ.

ಈಗ ರೆಕಾರ್ಡನ್ನು ಬೈನರಿಯಾಗಿಯೇ ತಂದು, ಕಾಪಿಬುಕ್ (ರೆಕಾರ್ಡಿನಲ್ಲಿ ಯಾವ ಕಾಲಮ್ ಎಲ್ಲಿದೆ ಎಂಬ ಕೋಬಾಲ್ ವಿವರಣೆ) ನೋಡಿಕೊಂಡು ಒಂದೊಂದು ಕಾಲಮನ್ನೂ ಬೇರೆ ಬೇರೆ ಬಿಡಿಸುತ್ತೇನೆ. ಕಂಪನಿಗಳಲ್ಲಿ ಐಬಿಎಂನ ಜೆಡ್/ಓಎಸ್ ಕನೆಕ್ಟ್‌ನಂಥ ಸಾಧನಗಳು ಕಾಪಿಬುಕ್ಕನ್ನು ಎಪಿಐಗಳು ಬಳಸುವ ಜೇಸನ್ ರೂಪಕ್ಕೆ ಹೊಂದಿಸಿಕೊಡುತ್ತವೆ, ಈ ಕಷ್ಟ ಅಲ್ಲಿ ಕಡಿಮೆ. ಆದರೂ ಫೈಲ್ ಕಳಿಸುವ ದಾರಿಯೊಂದು ಎಲ್ಲೋ ಮೂಲೆಯಲ್ಲಿ ಇದ್ದೇ ಇರುತ್ತದೆ. ನಿಮ್ಮಲ್ಲಿ ಇದ್ದರೆ ನಾಳೆಯೇ ಒಂದು ಮೊತ್ತವನ್ನು ಎರಡೂ ಕಡೆ ಹೋಲಿಸಿ ನೋಡಿ.

ನಾಲ್ಕನೇ ವಾರ: ಒಂದು ಹಾಲು, ಎರಡು ಜಮೆ

ಈ ವಾರಕ್ಕಾಗಿಯೇ ನಾನು ಇದನ್ನೆಲ್ಲ ಕಟ್ಟಿದ್ದು ಅಂತ ಈಗ ಅನ್ನಿಸುತ್ತದೆ.

ನಿಧಾನವಾದ ಸಿಸ್ಟಮ್ ಹೇಗಿರುತ್ತದೆ ಅಂತ ನೋಡಲು ಹರ್ಕ್ಯುಲಿಸ್‌ನಲ್ಲಿ ಒಳ್ಳೇ ಅನುಕೂಲ ಇದೆ. ಕನ್ಸೋಲಿನಲ್ಲಿ 'ಸ್ಟಾಪ್' ಕೊಟ್ಟರೆ ಸಿಪಿಯು ಇದ್ದಲ್ಲೇ ನಿಲ್ಲುತ್ತದೆ, 'ಸ್ಟಾರ್ಟ್' ಕೊಟ್ಟರೆ ಏನೂ ಆಗದ ಹಾಗೆ ಮುಂದುವರಿಯುತ್ತದೆ. ಫೋನಿನಿಂದ 6.5 ಲೀಟರ್ ಕಳಿಸಿದೆ. ಸೇತುವೆ ಎಂಟರ್ ಒತ್ತಿದ ಕೂಡಲೇ ಸಿಪಿಯು ನಿಲ್ಲಿಸಿದೆ. ಐದು ಸೆಕೆಂಡಿಗೆ ಫೋನು ಬೇಸತ್ತು ಅದೇ ನಮೂದನ್ನು ಮತ್ತೆ ಕಳಿಸಿತು. ಸಿಪಿಯು ಬಿಟ್ಟೆ. ಖಾತೆಯಲ್ಲಿ ಹದಿಮೂರು ಲೀಟರ್.

ಮೇನ್‌ಫ್ರೇಮಿನ ತಪ್ಪು ಇಲ್ಲ. ಎರಡು ಸಲ ಕೇಳಿದರು, ಎರಡು ಸಲ ಬರೆಯಿತು. ಆದರೆ ಇದೇ ಪರದೆ ಮುಂದೆ ಒಬ್ಬ ಮನುಷ್ಯ ಕೂತಿದ್ದರೆ ಹೀಗಾಗುತ್ತಿರಲಿಲ್ಲ. ಯಾಕೆ ಅಂತ ನೋಡಲು ನಾನೇ ಟರ್ಮಿನಲ್ ತೆರೆದು ಕೂತೆ. ಎಂಟರ್ ಒತ್ತಿ, ಸಿಪಿಯು ನಿಲ್ಲಿಸಿ, ಮತ್ತೆ ಎಂಟರ್ ಒತ್ತಿದೆ. ಒತ್ತಲು ಆಗಲಿಲ್ಲ. ಪರದೆಯ ಕೆಳಗಿನ ಸಾಲಿನಲ್ಲಿ ಒಂದು 'ಎಕ್ಸ್' ಗುರುತು ಬಂದು ಕೀಬೋರ್ಡ್ ಬೀಗ ಹಾಕಿಕೊಂಡಿತ್ತು. 3270 ಟರ್ಮಿನಲ್ ಹಾಗೆಯೇ. ಉತ್ತರ ಬರುವವರೆಗೆ ಎರಡನೇ ಎಂಟರ್ ಹೋಗುವುದೇ ಇಲ್ಲ.

ಆ ಬೀಗವನ್ನು ಇಷ್ಟು ವರ್ಷ ನಾನು ಸುಮ್ನೆ ಒಂದು ಕಿರಿಕಿರಿ ಅಂದುಕೊಂಡಿದ್ದೆ. ಅದು ಕಾವಲು ಕಾಯುತ್ತಿತ್ತು. ನನ್ನ ಸೇತುವೆ ಎರಡನೇ ಕರೆಯನ್ನು ಸಾಲಿನಲ್ಲಿ ಇಟ್ಟುಕೊಂಡು, ಬೀಗ ತೆರೆದ ಕೂಡಲೇ ಒಳಗೆ ತಳ್ಳಿತು. ಹಳೆಯ ಪ್ರೋಗ್ರಾಮ್ ಒಂದು ಅಕ್ಷರವೂ ಬದಲಾಗಿಲ್ಲ, ಆದರೆ ಅದು ನಂಬಿಕೊಂಡಿದ್ದ ಒಂದು ರಕ್ಷಣೆಯನ್ನು ನಾನು ತೆಗೆದುಹಾಕಿದ್ದೆ.

ಆಫೀಸಿನ ಐಎಂಎಸ್‌ನಲ್ಲಿ ಇದಕ್ಕೆ ಏನು ಉತ್ತರ ಇದೆ ಅಂತ ಮತ್ತೆ ಓದಿದೆ. ಹೊರಗಿನ ಕರೆ ಐಎಂಎಸ್ ಕನೆಕ್ಟ್‌ಗೆ ಬಂದು, ಹೊರಗಿನ ಕರೆಯನ್ನು ವಹಿವಾಟಿಗೆ ಮುಟ್ಟಿಸುವ ಓಟಿಎಂಎ ಮೂಲಕ ಒಳಗೆ ಹೋಗುತ್ತದೆ. ಅಲ್ಲಿ ಎರಡು ಬಗೆ. ಕಮಿಟ್ ಮೋಡ್ 0 ಅಂದರೆ ಮೊದಲು ಕಮಿಟ್ (ಬರೆದದ್ದನ್ನು ಖಾಯಂ ಮಾಡುವುದು), ಆಮೇಲೆ ಉತ್ತರ. ಮೋಡ್ 1 ಅಂದರೆ ಮೊದಲು ಉತ್ತರ, ಆಮೇಲೆ ಕಮಿಟ್. ಮೋಡ್ 1ರಲ್ಲಿ 'ಕನ್‌ಫರ್ಮ್' ಅಂತ ಕೇಳಿದ್ದರೆ, ಕರೆದವರು 'ಸಿಕ್ಕಿತು' ಅಂದ ಮೇಲೇ ಕಮಿಟ್ ಆಗುತ್ತದೆ. ಮೋಡ್ 0ಯಲ್ಲಿ ಉತ್ತರ ಕೊಡುವ ಹೊತ್ತಿಗೆ ಕರೆದವರು ಲೈನ್ ಕಡಿದುಕೊಂಡಿದ್ದರೆ, ಆ ಉತ್ತರ ಕಳೆದುಹೋಗುವುದಿಲ್ಲ. ಟಿಪೈಪ್ ಎಂಬ ಸಾಲಿನಲ್ಲಿ ಉಳಿಯುತ್ತದೆ. ಆಮೇಲೆ ಬಂದು ಕೇಳಿ ತೆಗೆದುಕೊಳ್ಳಬಹುದು. ಎಷ್ಟು ಜನ ಆಮೇಲೆ ಬಂದು ಕೇಳುತ್ತಾರೆ? ಎಷ್ಟೋ ಕಡೆ ಈ ಮೋಡ್ ಯಾವುದಿರಬೇಕು ಅನ್ನುವ ಒಂದು ಸಾಲನ್ನು ಹಳೆಯ ಫೈಲಿನಿಂದ ನಕಲು ಮಾಡಿ ಹಾಕಿರುತ್ತಾರೆ. ಹಣದ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಐದನೇ ವಾರ

ಭಾನುವಾರ ಊಟ ಮಾಡುತ್ತಾ ಅಪ್ಪನಿಗೆ ಕೇಳಿದೆ. "ಅಪ್ಪಾ, ಹಾಲು ಹಾಕಿ ಹೋದವರು ವಾಪಸ್ ಬಂದು 'ನಂದು ಬರ್ಕೊಂಡ್ರಾ?' ಅಂದ್ರೆ ಏನ್ ಮಾಡ್ತಿದ್ರಿ?"

"ಬರೀತಿರಲಿಲ್ಲಮ್ಮ. ಮೊದಲು ರಿಜಿಸ್ಟರ್ ನೋಡ್ತಿದ್ದೆ."

"ಏನು ನೋಡಿ ಗೊತ್ತಾಗ್ತಿತ್ತು? ನಂಬರ್, ತಾರೀಖು, ಬೆಳಗ್ಗೆ ಅಂತ ಇದ್ರೆ ಸಾಕಾ?"

"ಸಾಕಾಗಲ್ಲ. ಒಂದೇ ಹೊತ್ತಿಗೆ ಎರಡು ಸಲ ಹಾಲು ತರೋರೂ ಇರ್ತಾರೆ. ತಡವಾಗಿ ಕರೆದ ಹಸು ಇರತ್ತಲ್ಲ. ಚೀಟಿ ನಂಬರ್ ನೋಡ್ಬೇಕು."

ನಾನು ಸದಸ್ಯರ ನಂಬರ್, ತಾರೀಖು, ಹೊತ್ತು ಮೂರನ್ನೂ ಸೇರಿಸಿದರೆ ಸಾಕು ಅಂತ ಅರ್ಧ ಕೋಡ್ ಬರೆದಿದ್ದೆ. ತಡವಾಗಿ ಕರೆದ ಹಸುವಿನ ಹಾಲು ಅದರಲ್ಲಿ ಮಾಯವಾಗುತ್ತಿತ್ತು. ಅಳಿಸಿ ಮತ್ತೆ ಬರೆದೆ.

ಈಗ ಫೋನು ಪ್ರತಿ ನಮೂದಿಗೂ ಒಂದು ಚೀಟಿ ನಂಬರ್ ಕೊಡುತ್ತದೆ. ಮತ್ತೆ ಕಳಿಸಿದರೂ ಅದೇ ನಂಬರ್. ಆ ನಂಬರನ್ನು ಎಲ್ಲಿ ಇಡುವುದು ಅನ್ನುವುದಕ್ಕೆ ಎರಡು ದಿನ ತಗೊಂಡೆ. ಬೇರೆ ಫೈಲಿನಲ್ಲಿ ಇಟ್ಟರೆ, ಖಾತೆ ಬರೆದು ಚೀಟಿ ಬರೆಯುವ ಮೊದಲು ಸಿಸ್ಟಮ್ ಬಿದ್ದರೆ ಮತ್ತೆ ಅದೇ ಗೊಂದಲ. ನಿಜವಾದ ಸಿಐಸಿಎಸ್ ಆದರೆ ಎರಡನ್ನೂ ಒಂದೇ ಸಿಂಕ್‌ಪಾಯಿಂಟ್ ಒಳಗೆ ಇಟ್ಟು, ನಡುವೆ ಬಿದ್ದರೆ ಎರಡನ್ನೂ ಹಿಂದಕ್ಕೆ ತರುತ್ತದೆ. ನನ್ನ ಪುಟ್ಟ ಕಿಕ್ಸ್ ಮೇಲೆ ಅಷ್ಟು ಭಾರ ಹಾಕಲು ಮನಸ್ಸಾಗಲಿಲ್ಲ. ಅದಕ್ಕೆ ಖಾತೆಯ ರೆಕಾರ್ಡಿನಲ್ಲೇ, ಬಾಕಿಯ ಪಕ್ಕದಲ್ಲೇ, ಕೊನೆಯ ಐದು ಚೀಟಿ ನಂಬರಿಗೆ ಜಾಗ ಮಾಡಿದೆ. ಒಂದೇ ರೀರೈಟ್‌ನಲ್ಲಿ ಬಾಕಿಯೂ ಚೀಟಿಯೂ ಒಟ್ಟಿಗೆ ಹೋಗುತ್ತವೆ. ಅದೇ ಚೀಟಿ ಮತ್ತೆ ಬಂದರೆ ಪ್ರೋಗ್ರಾಮ್ ಬರೆಯುವುದಿಲ್ಲ, "ಆಗಲೇ ಬರೆದಿದೆ" ಎಂದು ಈಗಿನ ಬಾಕಿ ತೋರಿಸುತ್ತದೆ.

ಇದರಿಂದ ಇನ್ನೊಂದು ತೊಂದರೆಯೂ ಹೋಯಿತು. ಆಗಾಗ ಸೇತುವೆ ಹೊಸ ಪರದೆ ಬರುವ ಮೊದಲೇ ಹಳೆಯದನ್ನು ಓದಿ ಬೇರೆಯವರ ಉತ್ತರ ಕೊಡುತ್ತಿತ್ತು. ಈಗ ಪರದೆಯ ಮೂಲೆಯಲ್ಲಿ ಚೀಟಿ ನಂಬರ್ ವಾಪಸ್ ಬರುತ್ತದೆ. ಅದು ಹೊಂದುವವರೆಗೆ ಸೇತುವೆ ಕಾಯುತ್ತದೆ.

200 ನಮೂದು ಕಳಿಸಿದೆ, ನಡುನಡುವೆ ಮನಸ್ಸಿಗೆ ಬಂದಾಗ ಸಿಪಿಯು ನಿಲ್ಲಿಸಿದೆ, ಎರಡು ಸಲ ಸೇತುವೆಯನ್ನೇ ಕೊಂದೆ. ಕೊನೆಗೆ ನೋಟ್‌ಬುಕ್ಕಿನ ಮೊತ್ತಕ್ಕೂ ಫೈಲಿನ ಮೊತ್ತಕ್ಕೂ ಒಂದು ಪೈಸೆ ವ್ಯತ್ಯಾಸ ಇಲ್ಲ.

ಆರನೇ ವಾರ

ಅಪ್ಪನಿಗೆ ಫೋನ್ ಕೊಟ್ಟೆ. ಹೆಸರು ಇಂಗ್ಲಿಷಿನಲ್ಲಿ ಇದ್ದದ್ದು ಅವರಿಗೆ ಹಿಡಿಸಲಿಲ್ಲ. ಕೋಬಾಲ್ ರೆಕಾರ್ಡಿನಲ್ಲಿ ಹೆಸರಿಗೆ ಇರುವುದು 20 ಬೈಟ್, ಎಬ್ಸಿಡಿಕ್. ಅದನ್ನು ಮುಟ್ಟಲಿಲ್ಲ. ಕನ್ನಡ ಹೆಸರುಗಳನ್ನು ಸೇತುವೆಯ ಕಡೆ ಬೇರೆ ಪಟ್ಟಿಯಲ್ಲಿ ಯೂನಿಕೋಡ್‌ನಲ್ಲಿ ಇಟ್ಟೆ, ಸದಸ್ಯರ ನಂಬರಿಂದ ಜೋಡಿಸಿದೆ. ಈಗ ಅಪ್ಪನ ಫೋನಿನಲ್ಲಿ ಎಲ್ಲ ಹೆಸರೂ ಕನ್ನಡದಲ್ಲೇ ಬರುತ್ತವೆ, ಲೆಕ್ಕ ಮಾತ್ರ ಎಂವಿಎಸ್‌ನದು. ಅಪ್ಪ ಒಂದೊಂದಾಗಿ ಪೂರ್ತಿ ಪಟ್ಟಿ ಓದಿದರು.

ಉಳಿದಿರುವ ದೊಡ್ಡ ಕೆಲಸ ಬಟವಾಡೆ. ಹದಿನೈದು ದಿನಕ್ಕೊಮ್ಮೆ ಎಲ್ಲರ ಬಾಕಿ ತೀರಿಸಿ ಸೊನ್ನೆ ಮಾಡುವ ಬ್ಯಾಚ್ ಜಾಬ್. ನನ್ನ ವಿಸ್ಯಾಮ್ ಫೈಲಿನ ಶೇರ್‌ಆಪ್ಷನ್ಸ್ (2,3), ಅಂದರೆ ಓದುವವರು ಎಷ್ಟು ಜನ ಬೇಕಾದರೂ ಇರಬಹುದು, ಬರೆಯುವವರು ಒಬ್ಬರೇ. ಕಿಕ್ಸ್ ಫೈಲ್ ತೆರೆದಿರುವವರೆಗೆ ಬ್ಯಾಚ್ ಅದಕ್ಕೆ ಬರೆಯಲು ಆಗುವುದಿಲ್ಲ. ಕಿಕ್ಸ್ ನಿಲ್ಲಿಸಬೇಕು, ಆ ಹೊತ್ತಿನಲ್ಲಿ ಫೋನಿನಿಂದ ಬಂದ ನಮೂದುಗಳನ್ನು ಸೇತುವೆ ಹಿಡಿದಿಟ್ಟುಕೊಳ್ಳಬೇಕು, ಮತ್ತೆ ತೆರೆದ ಮೇಲೆ ಬಂದ ಕ್ರಮದಲ್ಲೇ ಕಳಿಸಬೇಕು. ಒಬ್ಬರೇ ಸದಸ್ಯರಿಂದ ಆರು ಚೀಟಿ ಬಂದು ನಿಂತಿದ್ದರೆ ಐದು ಜಾಗ ಸಾಕಾಗುತ್ತದಾ ಅಂತ ಈಗ ಕಾಗದದ ಮೇಲೆ ಲೆಕ್ಕ ಹಾಕುತ್ತಿದ್ದೇನೆ. ಶನಿವಾರ ರಾತ್ರಿ ಮೊದಲ ಸಲ ಓಡಿಸುತ್ತೇನೆ. ಅಪ್ಪ ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂರುತ್ತೇನೆ ಅಂದಿದ್ದಾರೆ.