ನೀನ್ಯಾಕೆ ಅಡಗೂಲಜ್ಜಿ ಥರ ಮಾತಾಡ್ತೀಯ?

ಹೀಗೆ ಕೇಳಿದ್ದು ಕೆಳಗಿನ ಮನೆಯ ಹುಡುಗಿ. ಇನ್ನೂ ಎರಡನೇ ಕ್ಲಾಸು. ಅವಳು ಕೇಳಿದ್ದು ಜರ್ಮನ್‌ನಲ್ಲಿ. ಅಡಗೂಲಜ್ಜಿಯನ್ನು ನಾನು ಸೇರಿಸಿದ್ದು, ಅವಳು ಹೇಳಿದ್ದು ಬರೀ 'ಕಥೆಪುಸ್ತಕದ ಥರ' ಅಂತ.

ಹಿಂದಿನ ದಿನ ರೈಲು ಕೈಕೊಟ್ಟ ವಿಷಯವನ್ನು ಅವಳ ಅಮ್ಮನಿಗೆ ಮೆಟ್ಟಿಲ ಮೇಲೆ ನಿಂತು ವರದಿ ಮಾಡುತ್ತಿದ್ದೆ. ಅಮ್ಮನಿಗೆ ಮುಜುಗರವಾಯಿತು, ಮಗಳನ್ನು ಗದರಿದರು. ನನಗೆ ನಗು ತಡೆಯಲಾಗಲಿಲ್ಲ. ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿ.

ನಡೆದುಹೋದದ್ದನ್ನು ಹೇಳಲು ಜರ್ಮನ್‌ನಲ್ಲಿ ಎರಡು ದಾರಿ ಇವೆ. 'ಹೋದೆ' ಅನ್ನಲು ಬರವಣಿಗೆಯಲ್ಲಿ 'ಇಶ್ ಗಿಂಗ್', ಮಾತಿನಲ್ಲಿ 'ಇಶ್ ಬಿನ್ ಗೆಗಾಂಗೆನ್'. ಎರಡೂ ಸರಿಯೇ. ಆದರೆ ನಾನಿರುವ ಸ್ಟುಟ್‌ಗಾರ್ಟ್ ದಕ್ಷಿಣ ಜರ್ಮನಿಯಲ್ಲಿದೆ. ಈ ಕಡೆ ಮೊದಲನೆಯದು ಬಾಯಲ್ಲಿ ಬರುವುದು ತೀರಾ ಕಮ್ಮಿ. ಈ ಮಗು 'ಗಿಂಗ್' ಕೇಳುವುದು ರಾತ್ರಿ ಮಲಗುವಾಗ, ರಾಜಕುಮಾರ ಕಾಡಿಗೆ ಹೋದಾಗ ಮಾತ್ರ. ಅಂಥದ್ದರಲ್ಲಿ ಮೇಲಿನ ಮನೆಯವಳು ಸ್ಟೇಷನ್ನಿಗೂ ಅದೇ ಗತ್ತಿನಲ್ಲಿ ಹೋದರೆ? "ನಾನು ನಿಲ್ದಾಣಕ್ಕೆ ಹೋದೆನು. ಆದರೆ ರೈಲು ಬರಲಿಲ್ಲವು" ಅಂತ ನಮ್ಮೂರ ಬಸ್‌ಸ್ಟಾಪಿನಲ್ಲಿ ಯಾರಾದರೂ ಹೇಳಿದರೆ ನೀವೂ ತಿರುಗಿ ನೋಡುತ್ತೀರಿ, ಅಲ್ವಾ?

ನನ್ನ ಜರ್ಮನ್ ಬಂದದ್ದೇ ಪುಸ್ತಕದಿಂದ. ಕ್ಲಾಸಿಗೂ ಹೋಗಿದ್ದೆ, ಇಲ್ಲ ಅನ್ನಲ್ಲ. ಆದರೆ ಕ್ಲಾಸು ಮುಗಿದ ಮೇಲೆ ಮಾತಾಡುವುದು ಯಾರ ಹತ್ತಿರ? ಆಫೀಸಿನಲ್ಲಿ ಎಲ್ಲ ಇಂಗ್ಲಿಷ್. ಹೊರಗೆ ನಾನು ಒಂದು ವಾಕ್ಯ ಕಟ್ಟುವಷ್ಟರಲ್ಲಿ ಎದುರಿನವರು ಪಾಪ ಅಂದುಕೊಂಡು ಇಂಗ್ಲಿಷಿಗೆ ಜಾರುತ್ತಾರೆ. ಆ ಪಾಪ ಅನ್ನುವ ಗುಣವೇ ಕಲಿಯುವವರ ಶತ್ರು. ಪುಸ್ತಕ ಹಾಗೆ ಮಾಡುವುದಿಲ್ಲ.

ಮಕ್ಕಳ ಪುಸ್ತಕದಿಂದ ಶುರು ಮಾಡು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಕೆಲಸಕ್ಕೆ ಬಾರದ ಸಲಹೆ. ಪುಟ ತಿರುವಿದರೆ ಮುಳ್ಳುಹಂದಿ, ಮಾಟಗಾತಿಯ ಪೊರಕೆ, ಕಪ್ಪೆ ಕೆಸರಿಗೆ ಹಾರುವ ಸದ್ದು. ನನಗೆ ಬೇಕಾಗಿದ್ದದ್ದು ಬಾಡಿಗೆ ಕರಾರು ಮತ್ತು ಹಲ್ಲಿನ ಡಾಕ್ಟರು. ಕೈಹಿಡಿದದ್ದು ಪತ್ತೇದಾರಿ ಕಾದಂಬರಿಗಳು. ಅದರಲ್ಲೂ ಮೊದಲೇ ಇಂಗ್ಲಿಷಿನಲ್ಲಿ ಓದಿದ್ದವುಗಳ ಜರ್ಮನ್ ಅನುವಾದ. ಕೊಲೆ ಮಾಡಿದವನು ಯಾರು ಅಂತ ಗೊತ್ತಿರುವುದರಿಂದ ಗಮನವೆಲ್ಲ ಭಾಷೆಯ ಮೇಲೆ. ಮೇಲಾಗಿ ಪೊಲೀಸರು ಕೇಳಿದ್ದನ್ನೇ ಹತ್ತು ಸಲ ಕೇಳುತ್ತಾರೆ. ಎಲ್ಲಿದ್ದೆ, ಯಾವಾಗ ಬಂದೆ, ಯಾರನ್ನು ನೋಡಿದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಾ?

ಡಿಕ್ಷನರಿ ಮಾತ್ರ ದೂರ ಇಟ್ಟೆ. ಹಂಗೇರಿಯ ಲೊಂಬ್ ಕಾಟೊ ಅನ್ನುವಾಕೆ ಎರಡನೇ ಮಹಾಯುದ್ಧದ ಕಾಲದಲ್ಲಿ ಗೊಗೊಲ್‌ನ ಕಾದಂಬರಿ ಹಿಡಿದು ರಷ್ಯನ್ ಕಲಿತವರು. ಆಮೇಲೆ ಹಲವು ಭಾಷೆಗಳ ದುಭಾಷಿಯಾದರು. ಗೊತ್ತಿಲ್ಲದ ಪದ ಬಂದರೆ ದಾಟಿಕೊಂಡು ಹೋಗು, ಮುಖ್ಯವಾದ ಪದವಾದರೆ ತಾನೇ ಮತ್ತೆ ಬರುತ್ತದೆ ಅನ್ನುವುದು ಅವರ ವಾದ. ಇದಕ್ಕೂ ಒಂದು ಮಿತಿ ಇದೆ. ಭಾಷಾತಜ್ಞ ಪಾಲ್ ನೇಷನ್ 2006ರಲ್ಲಿ ಹಾಕಿದ ಲೆಕ್ಕ ನೋಡಿ. ಯಾರ ಸಹಾಯವೂ ಇಲ್ಲದೆ ಆರಾಮಾಗಿ ಓದಬೇಕಾದರೆ ಪುಟದ ನೂರು ಪದಗಳಲ್ಲಿ 98 ಗೊತ್ತಿರಬೇಕು. ಇಂಗ್ಲಿಷ್ ಕಾದಂಬರಿಗೆ ಅದು 8,000ದಿಂದ 9,000 ಪದಕುಟುಂಬಗಳಷ್ಟಾಗುತ್ತದೆ (ಒಂದು ಮೂಲಪದ, ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿ ಒಂದು ಕುಟುಂಬ). ಗೊತ್ತಿರುವುದು 90 ಆದರೆ ಸಾಲಿಗೊಂದು ಮುಳ್ಳು. ಅಂಥ ಪುಸ್ತಕವನ್ನು ಮರ್ಯಾದೆಯಿಂದ ಮುಚ್ಚಿ ಇನ್ನೂ ಸುಲಭದ್ದನ್ನು ಹುಡುಕಬೇಕು. ಹಟ ಮಾಡಿ ಪ್ರಯೋಜನವಿಲ್ಲ.

ಓದುತ್ತಾ ಓದುತ್ತಾ ಬಾಯಿಪಾಠ ಮಾಡದ ಸಂಗತಿಗಳು ತಾವಾಗಿ ಕೂತವು. ಇಲ್ಲಿನ ವ್ಯಾಕರಣದಲ್ಲಿ ಸೂರ್ಯ ಹೆಣ್ಣು, ಚಂದ್ರ ಗಂಡು. ಪಟ್ಟಿ ಮಾಡಿ ಉರು ಹೊಡೆದಾಗ ನಿಲ್ಲದ ಈ ಲಿಂಗಗಳು ಕಥೆಯೊಳಗೆ ಸೂರ್ಯ ಹುಟ್ಟಿ ಮುಳುಗಿ ಮುಳುಗಿ ತಲೆಯಲ್ಲಿ ಉಳಿದುಬಿಟ್ಟವು. ಇನ್ನು ಜರ್ಮನ್‌ನ ಒಳವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷ್ ಮನೆಮಾತಿನ ಸಹೋದ್ಯೋಗಿಗಳು ಇದಕ್ಕೆ ಹಣೆ ಚಚ್ಚಿಕೊಳ್ಳುತ್ತಾರೆ. ನಮಗೇನು, ಹುಟ್ಟಿದಾಗಿನಿಂದ ಕ್ರಿಯಾಪದಕ್ಕೆ ಕಾದು ಅಭ್ಯಾಸ.

ಪುಸ್ತಕದಿಂದ ಪೂರ್ತಿ ಬಾರದ್ದು ಮಾತಿನ ನಡುವಿನ ಪುಟಾಣಿಗಳು. 'ದೊಖ್', 'ಮಾಲ್', 'ಹಾಲ್ಟ್' ಇಂಥವು. ನಮ್ಮ 'ಕಣೇ', 'ತಾನೇ', 'ಬಿಡು' ಇದ್ದ ಹಾಗೆ. ಅಚ್ಚಿನಲ್ಲಿ ಕಾಣುತ್ತವೆ, ರಾಗ ಕೇಳಿಸುವುದಿಲ್ಲ. ಆಡಿಯೊ ಪುಸ್ತಕ ಸ್ವಲ್ಪ ತುಂಬಿಕೊಟ್ಟಿತು. ಉಳಿದದ್ದಕ್ಕೆ ಈಗ ಕೆಳಗಿನ ಮನೆಯ ಟೀಚರಮ್ಮ ಇದ್ದಾಳೆ. ಸಿಕ್ಕಾಗಲೆಲ್ಲ ನಿಲ್ಲಿಸಿ, ನಾನು ಹೇಳಿದ್ದನ್ನು ಮಾತಿನ ಜರ್ಮನ್‌ಗೆ ತಿರುಗಿಸಿ ಒಪ್ಪಿಸುತ್ತಾಳೆ.

ಇಲ್ಲಿಂದ ದೂರವಲ್ಲದ ಟ್ಯೂಬಿಂಗನ್‌ನಲ್ಲಿ 1903ರಲ್ಲಿ ತೀರಿಕೊಂಡ, ಕನ್ನಡ ಕಲಿತ ಜರ್ಮನ್ ಪಾದ್ರಿ ಕಿಟ್ಟೆಲ್ ನೆನಪಾಗುತ್ತಾರೆ. 1853ರಲ್ಲಿ ಭಾರತಕ್ಕೆ ಬಂದ ಅವರು ಕೇಶಿರಾಜನ ವ್ಯಾಕರಣವನ್ನೇ ಸಂಪಾದಿಸಿ ಅಚ್ಚು ಹಾಕಿಸಿದರು. ಹಳಗನ್ನಡ ಅರೆದು ಕುಡಿದ ಮನುಷ್ಯ. ಆದರೆ 1894ರ ಅವರ ನಿಘಂಟು ತೆರೆದರೆ ಕಾವ್ಯದ ಪದಗಳ ಪಕ್ಕದಲ್ಲೇ ಜನರ ಬಾಯಿಯ ಗಾದೆಗಳೂ ಕೂತಿವೆ. ಅವರು ಮೊದಮೊದಲು ಮಾತಾಡಿದ ಕನ್ನಡ ಹೇಗಿತ್ತೋ, ಕೇಳಿದವರು ನಕ್ಕರೋ ಏನೋ. ನಕ್ಕಿದ್ದರೂ ಇಂಗ್ಲಿಷಿಗೆ ಜಾರಿರಲಿಕ್ಕಿಲ್ಲ ಅನ್ನುವುದು ಅವರ ಪುಣ್ಯ. ಈಗ ನಮ್ಮ ಬೆಂಗಳೂರಿನಲ್ಲಿ ಯಾರಾದರೂ ತಡವರಿಸುತ್ತಾ ಕನ್ನಡ ಆಡಿದರೆ ಎರಡನೇ ವಾಕ್ಯಕ್ಕೆ ನಾವೇ ಇಂಗ್ಲಿಷೋ ಹಿಂದಿಯೋ ಶುರು ಮಾಡುತ್ತೇವೆ. ಆಮೇಲೆ ಇವರು ಕನ್ನಡ ಕಲಿಯಲ್ಲ ಅಂತ ಸಿಟ್ಟು.

ಅದು ಬಿಡಿ, ನಮ್ಮ ಮನೆಯದ್ದೇ ಹೇಳುತ್ತೇನೆ. ಮೆಟ್ಟಿಲ ಪ್ರಸಂಗವನ್ನು ಫೋನಿನಲ್ಲಿ ತಂಗಿಗೆ ಹೇಳಿ ಇಬ್ಬರೂ ನಗುತ್ತಿದ್ದೆವು. ಪಕ್ಕದಲ್ಲಿದ್ದ ಅವಳ ಮಗ, "ದೊಡ್ಡಮ್ಮ, ಹೋದೆನು ಅಂದ್ರೆ ನೀವಾ, ಇನ್ಯಾರೋನಾ?" ಅಂತ ಕೇಳಿದ. ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿ ಒಂದೇ ಗುಕ್ಕಿಗೆ ಮುಗಿಸುವ ಹುಡುಗ. ಕನ್ನಡ ಮಾತು ಅರಳು ಹುರಿದಂತೆ. ಆದರೆ ಕಥೆಯ ಕನ್ನಡ ಅವನ ಕಿವಿಗೆ ಬಿದ್ದೇ ಇಲ್ಲ. ಇಲ್ಲಿನ ಆ ಪುಟ್ಟಿಗೆ ಮಾತಿಗೊಂದು ಭಾಷೆ, ಕಥೆಗೊಂದು ಭಾಷೆ ಅಂತ ಗೊತ್ತಿದೆ. ಅದಕ್ಕೇ ನನ್ನನ್ನು ಹಿಡಿದಳು. ದಿನಾ ರಾತ್ರಿ ಯಾರೋ ಕೂತು ಓದಿ ಹೇಳುವುದರ ಫಲ ಅದು. ಇವನಿಗೆ ಓದಿ ಹೇಳಿದವರು ಯಾರು? ನಾನು ಇಲ್ಲಿ ಕೂತು ಜರ್ಮನ್ ಪತ್ತೇದಾರಿ ಓದುತ್ತಿದ್ದೆ.

ಈಗ ಭಾನುವಾರ ವಿಡಿಯೊ ಕಾಲ್‌ನಲ್ಲಿ ಅವನಿಗೆ ಕನ್ನಡ ಕಥೆ ಓದುತ್ತೇನೆ. ಒಂದೊಂದು 'ಬಂದನು', 'ಹೋದನು'ವಿಗೂ ಕಿಸಕ್ಕನೆ ನಗುತ್ತಾನೆ. ನಗಲಿ. ಕಥೆ ಅರ್ಧಕ್ಕೆ ನಿಲ್ಲಿಸಿದರೆ ಮುಂದೇನಾಯ್ತು ಅಂತ ಜಗಳಕ್ಕೂ ಬರುತ್ತಾನೆ. ಕಷ್ಟ ಇರುವುದು ತಂಗಿಯ ಜೊತೆ. "ಎಕ್ಸಾಮ್ ಮುಗೀಲಿ ಅಕ್ಕ, ಆಮೇಲೆ ಓದಿದ್ರಾಯ್ತು" ಅನ್ನುತ್ತಾಳೆ. ನಮ್ಮಲ್ಲಿ ಎಕ್ಸಾಮ್ ಯಾವಾಗ ಮುಗಿದಿದೆ, ಹೇಳಿ?