ಹಿತ್ತಲ ಕಿಟಕಿ ಮೇಲಿನ ಲೋಟ
ನಮ್ಮತ್ತೆಗೆ ಕಾಫೀಲಿ ಚಿಕೋರಿ ಇರ್ಲೇಬೇಕು, ನಂಗೆ ಆಗಲ್ಲ, ಎಷ್ಟು ವಾದ ಮಾಡಿದ್ರೂ ಕೊನೆಗೆ ಅವರವರ ರುಚಿ ಅಂತ ಸುಮ್ನಾಗ್ತೀವಿ. ಆದ್ರೆ ಇವತ್ತು ನೆಂಟರ ಮನೇಲಿ ನೋಡಿದ್ದು ಬೆಳಗ್ಗೆಯಿಂದ ತಲೇಲೇ ಇದೆ. ಕೆಲಸಕ್ಕೆ ಬರೋ ಅಕ್ಕಂಗೂ ಅದೇ ಡಿಕಾಕ್ಷನ್ನು ಅದೇ ಹಾಲು, ಲೋಟ ಮಾತ್ರ ಬೇರೆ, ಹಿತ್ತಲ ಕಿಟಕಿ ಮೇಲೆ ಬೋರಲು ಹಾಕಿಟ್ಟಿದ್ದ ಅಂಚು ನೆಗ್ಗಿದ ಸ್ಟೀಲ್ ಲೋಟ, ಕುಡಿದು ಅವ್ರೇ ತೊಳೆದು ವಾಪಸ್ ಅಲ್ಲೇ ಇಟ್ರು. ಆ ನೆಂಟರನ್ನ ಕೇಳಿದ್ರೆ "ಒಬ್ಬೊಬ್ರ ಮನೇದು ಒಂದೊಂದು ಪದ್ಧತಿ ಕಣಮ್ಮ" ಅಂದ್ರು. ಇಲ್ಲ ರೀ, ಇದು ಚಿಕೋರಿ ಥರ ಅಲ್ವೇ ಅಲ್ಲ! ನನ್ನ ರುಚಿ ನನ್ನ ನಾಲಿಗೇಲೇ ಮುಗಿಯತ್ತೆ, ಇದು ಇನ್ನೊಬ್ರ ಮರ್ಯಾದೆ, ಅದಕ್ಕೇ 1950ರಲ್ಲೇ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೇನ ಯಾವ ರೂಪದಲ್ಲೂ ಆಚರಿಸಬಾರದು ಅಂದಿದ್ದು. ನನ್ನ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.