ಜಿಂಕೆಯ ಚರ್ಮ ಮತ್ತು ಕೈಗವಸು

ಎಲ್ಕ್ಸ್ ಎಂಬ ಅಮೆರಿಕದ ಸೇವಾ ಸಂಘದ ಇಲ್ಲಿನ ಶಾಖೆಯಾದ ಲಾಡ್ಜ್‌ನ ಬಾಗಿಲಲ್ಲಿ ಬೇಟೆಗಾರನೊಬ್ಬ ಉಪ್ಪು ಸವರಿ ಮಡಿಸಿದ ಜಿಂಕೆಯ ಚರ್ಮವನ್ನು ಇಳಿಸಿ ಹೋದದ್ದನ್ನು ಇಂದು ಕಂಡೆ.

1868ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈ ಸಂಘದವರು ಅಮೆರಿಕದ ಹಲವೆಡೆ ಇಂಥ ಚರ್ಮಗಳನ್ನು ಸಂಗ್ರಹಿಸಿ, ಹದ ಮಾಡಿಸಿ, ಗಾಲಿಕುರ್ಚಿಯಲ್ಲಿ ಓಡಾಡುವ ಮಾಜಿ ಸೈನಿಕರಿಗೆ ಕೈಗವಸು ಹೊಲಿಸಿ ಉಚಿತವಾಗಿ ಕೊಡುತ್ತಾರೆ.

ದಿನವಿಡೀ ಚಕ್ರ ತಳ್ಳುವ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ, ಮಳೆ ಬಂದರೆ ಹಿಡಿತವೂ ಜಾರುತ್ತದೆ.

ಅಷ್ಟು ಸಣ್ಣ ಕಷ್ಟವನ್ನು ಗಮನಿಸಿದವರ ಬಗ್ಗೆ ನನಗೆ ಗೌರವವಿದೆ.

ಬೇಟೆಯನ್ನು ಮಾತ್ರ ಮೆಚ್ಚಲಾರೆ. ನಮ್ಮ ಮನೆಯಲ್ಲಿ ಜಿಂಕೆಯ ಚರ್ಮವೆಂದರೆ ಅಜ್ಜ ಜಪಕ್ಕೆ ಕೂರುತ್ತಿದ್ದ ಕೃಷ್ಣಾಜಿನವಷ್ಟೇ.

ಹಬ್ಬದ ದಿನಗಳಲ್ಲಿ ಬಡ ಕುಟುಂಬಗಳಿಗೆ ಇವರು ಹಂಚುವ ಆಹಾರದ ಬುಟ್ಟಿಗಳಿಗೆ ದಿನಸಿ ಒದಗಿಸುವುದು ನನ್ನಂಥ ಸಸ್ಯಾಹಾರಿಗೆ ಒಗ್ಗುವ ಕೆಲಸವಾದ್ದರಿಂದ, ಈ ವರ್ಷ ಅದಕ್ಕೆ ಹೆಸರು ಕೊಟ್ಟಿದ್ದೇನೆ.